ಸಾನಪಾಡಾ, ಬೆಂಗಳೂರು, ಡಬ್ಲಿನ್: ಊರಿಗೆ ಒಂದೇ ಬೆಲೆಚೀಟಿ ಅಂಟಿಸೋಕೆ ಯಾಕೆ ಆಗಲ್ಲ

ಇದು ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಓಡಿಸಿಕೊಂಡು ಹೋದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡು ಓದಿದರೆ ಒಳ್ಳೆಯದು.

2014ರಲ್ಲಿ ಇಕನಾಮಿಸ್ಟ್ ಬಳಗದ ಸಂಶೋಧನಾ ವಿಭಾಗ, ಅಂದರೆ ಇಐಯು, ಜಗತ್ತಿನ ನಗರಗಳ ಜೀವನವೆಚ್ಚದ ಪಟ್ಟಿ ಹೊರಡಿಸಿತು. ಅದರಲ್ಲಿ ಎಲ್ಲಕ್ಕಿಂತ ಅಗ್ಗದ ನಗರ ಯಾವುದು ಗೊತ್ತಾ? ಮುಂಬಯಿ. ಹೌದು, ಒಂದು ಖೋಲಿ ತೆಗೆದುಕೊಳ್ಳೋಕೆ ಜನ ಜೀವನವಿಡೀ ಸಾಲ ತೀರಿಸ್ತಾರಲ್ಲ, ಅದೇ ಮುಂಬಯಿ. ಎಲ್ಲಕ್ಕಿಂತ ದುಬಾರಿ ಸಿಂಗಪುರ. ಅದೇ ವರ್ಷ ಮರ್ಸರ್ ಅನ್ನೋ ಇನ್ನೊಂದು ಸಂಸ್ಥೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಂಗಪುರಕ್ಕಲ್ಲ, ಅಂಗೋಲಾ ದೇಶದ ರಾಜಧಾನಿ ಲುವಾಂಡಾಕ್ಕೆ. ಬಹುಪಾಲು ಜನ ಬಡವರೇ ಇರುವ ಊರು ಲಂಡನ್, ಟೋಕಿಯೋಗಿಂತ ದುಬಾರಿ ಅಂತ!

ಎರಡೂ ಸಂಸ್ಥೆಗಳು ಸುಳ್ಳು ಹೇಳಲಿಲ್ಲ. ನಾವು ಕೇಳದ ಪ್ರಶ್ನೆಗೆ ಅವು ಉತ್ತರ ಕೊಟ್ಟವು, ಅಷ್ಟೇ.

ಇದನ್ನ ಈಗ ಯಾಕೆ ತೆಗೆದೆ ಅಂದರೆ, ನನ್ನ ಮುಂದೆ ಇಂಥದ್ದೇ ಒಂದು ಪ್ರಶ್ನೆ ಕೂತಿದೆ. ನಾನು ಇರೋದು ಸಾನಪಾಡಾದಲ್ಲಿ, ಕೆಲಸ ಮಹಾಪೆಯಲ್ಲಿ. ಡಬ್ಲಿನ್‌ನಿಂದ ವರ್ಷಕ್ಕೆ 75,000 ಯೂರೋ ಸಂಬಳದ ಒಂದು ಆಫರ್ ಬಂದಿದೆ. ಈಗಿನ ಕಂಪನಿಯಲ್ಲೇ, ಇದೇ ಸಂಬಳಕ್ಕೆ, ಬೆಂಗಳೂರಿಗೆ ಹೋಗುವ ದಾರಿಯೂ ಇದೆ. ಗದಗದಲ್ಲಿ ಅಪ್ಪ ಅವ್ವ ಇದ್ದಾರೆ. ಹೆಂಡತಿ ಇಲ್ಲಿ ಶಾಲೆಯ ಟೀಚರ್. ಮಗಳು ಒಂದನೇ ಕ್ಲಾಸು. ಗೆಳೆಯರೆಲ್ಲ ಹೇಳೋದು ಒಂದೇ: "ಕಾಸ್ಟ್ ಆಫ್ ಲಿವಿಂಗ್ ಕ್ಯಾಲ್ಕುಲೇಟರ್‌ಗೆ ಹಾಕಿ ನೋಡು." ಹಾಕಿದೆ. ಬಂದ ಉತ್ತರವನ್ನ ಮುಂದೆ ಹೇಳ್ತೀನಿ. ಮೊದಲು ಆ ಯಂತ್ರದ ಹೊಟ್ಟೆಯೊಳಗೆ ಏನಿದೆ ನೋಡೋಣ.

ಜೀವನವೆಚ್ಚದ ಸೂಚ್ಯಂಕ ಅಂದರೆ ಒಂದು ಸಂತೆ ಚೀಲ. ತಜ್ಞರು ಬುಟ್ಟಿ ಅಂತಾರೆ, ನನಗೆ ಚೀಲ ಅನ್ನೋದೇ ಸರಿ ಅನಿಸುತ್ತೆ. ಅದರೊಳಗೆ ಹಾಲು, ಬ್ರೆಡ್ಡು, ಬಾಡಿಗೆ, ಬಸ್ ಟಿಕೆಟ್, ಅಂಗಿ, ಸಿನಿಮಾ ಎಲ್ಲ ತುಂಬಿ ಎಲ್ಲ ಊರಿಗೂ ಹೊತ್ತುಕೊಂಡು ಹೋಗಿ ಬೆಲೆ ಕೇಳೋದು. ನ್ಯೂಯಾರ್ಕ್‌ನಲ್ಲಿ ಚೀಲ ತುಂಬಲು ಆಗುವ ಖರ್ಚನ್ನ 100 ಅಂತ ಇಟ್ಟುಕೊಳ್ಳೋದು. ಇನ್ನೊಂದು ಊರಲ್ಲಿ ಅದರ ಕಾಲು ಭಾಗಕ್ಕೆ ಚೀಲ ತುಂಬಿದರೆ ಆ ಊರಿನ ಅಂಕ 25. ಇದರಲ್ಲಿ ಕಷ್ಟ ಏನೂ ಇಲ್ಲ. ಪ್ರಶ್ನೆ ಇರೋದು, ಚೀಲ ಯಾರದ್ದು ಅನ್ನೋದರಲ್ಲಿ.

ಮರ್ಸರ್ ಚೀಲ ಹಿಡಿದಿರೋದು ಕಂಪನಿಯವರು ವಿದೇಶಕ್ಕೆ ಕಳಿಸುವ ಅಧಿಕಾರಿಗಾಗಿ. ಅವನಿಗೆ ಎಷ್ಟು ಭತ್ಯೆ ಕೊಡಬೇಕು ಅಂತ ಕಂಪನಿಗೆ ಹೇಳೋದೇ ಆ ಪಟ್ಟಿಯ ಕೆಲಸ. 2002ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಲುವಾಂಡಾಕ್ಕೆ ತೈಲ ಕಂಪನಿಗಳು ನುಗ್ಗಿದವು. ಹೊರಗಿನಿಂದ ಬಂದವರಿಗೆ ಕಾವಲಿರುವ ಮನೆ ಬೇಕು, ಅಂಥವು ಬೆರಳೆಣಿಕೆ. ಅವರು ತಿನ್ನೋ ಚೀಸು, ಸೀರಿಯಲ್ಲು ಎಲ್ಲ ಹಡಗಿನಲ್ಲಿ ಬರಬೇಕು. ಹಾಗಾಗಿ ಅವರ ಚೀಲ ಬಂಗಾರದ ಬೆಲೆಗೆ ಹೋಯಿತು. ಅಲ್ಲಿನ ಮೀನು ಮಾರುವವಳ ಚೀಲಕ್ಕೂ ಆ ಪಟ್ಟಿಗೂ ಸಂಬಂಧವೇ ಇಲ್ಲ. ಸಿಂಗಪುರದ್ದೂ ಇದೇ ಕಥೆ. ಅಲ್ಲಿ ಕಾರು ಇಟ್ಟುಕೊಳ್ಳೋಕೆ ಸರ್ಕಾರದಿಂದ ಹರಾಜಿನಲ್ಲಿ ಪರವಾನಗಿ ಪತ್ರ ಕೊಳ್ಳಬೇಕು, ಎಷ್ಟೋ ಸಲ ಅದರ ಬೆಲೆ ಕಾರಿನ ಬೆಲೆಗೇ ಸಮ. ಆದರೆ ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಎಂಟು ಮಂದಿಯಷ್ಟು ಸರ್ಕಾರಿ ವಸತಿ ಮಂಡಳಿ ಕಟ್ಟಿದ ಫ್ಲಾಟ್‌ಗಳಲ್ಲಿ ಇರ್ತಾರೆ, ಮೆಟ್ರೋದಲ್ಲಿ ಓಡಾಡ್ತಾರೆ. ಅವರ ಚೀಲದಲ್ಲಿ ಕಾರೇ ಇಲ್ಲ.

2024ರ ಮರ್ಸರ್ ಪಟ್ಟಿಯಲ್ಲಿ 226 ನಗರಗಳ ಪೈಕಿ ಮುಂಬಯಿ 136ನೇದು, ಬೆಂಗಳೂರು 195ನೇದು. ಪತ್ರಿಕೆಗಳು "ಮುಂಬಯಿ ಇನ್ನಷ್ಟು ದುಬಾರಿ" ಅಂತ ಬರೆದವು. ಅಮೆರಿಕನ್ ಅಧಿಕಾರಿಯ ಭತ್ಯೆಯ ಪಟ್ಟಿ ನೋಡಿ ಮಾಟುಂಗಾದ ನಮ್ಮವರು ನಿಟ್ಟುಸಿರು ಬಿಡೋದು ವಿಚಿತ್ರ ಅಲ್ವಾ?

ನಂಬಿಯೋ ಅನ್ನೋ ಜಾಲತಾಣ ಇದಕ್ಕೆ ಬೇರೆ ದಾರಿ ಹಿಡಿಯಿತು. 2009ರಲ್ಲಿ ಶುರುವಾದದ್ದು. ಯಾರು ಬೇಕಾದರೂ ತಮ್ಮ ಊರಿನ ಬೆಲೆ ಬರೆಯಬಹುದು. ಅಲ್ಲಿ ಒಂದು ವಿಷಯ ಗಮನಿಸಬೇಕು. ಅವರ ಮುಖ್ಯ ಸೂಚ್ಯಂಕದಲ್ಲಿ ಮನೆ ಬಾಡಿಗೆ ಸೇರಿಲ್ಲ. ಬಾಡಿಗೆಗೆ ಬೇರೆ ಸೂಚ್ಯಂಕ, ಎರಡೂ ಸೇರಿಸಿದ್ದಕ್ಕೆ ಮೂರನೆಯದು. ಮುಂಬಯಿಯಂಥ ಊರಿಗೆ ಬಾಡಿಗೆ ಬಿಟ್ಟು ಲೆಕ್ಕ ಹಾಕೋದು ಅಂದರೆ ಮದುವೆ ಖರ್ಚಿನಲ್ಲಿ ಊಟ ಬಿಟ್ಟು ಲೆಕ್ಕ ಹಾಕಿದ ಹಾಗೆ. ಇನ್ನು ಅಲ್ಲಿ ಬೆಲೆ ತುಂಬುವವರು ಯಾರು? ಇಂಟರ್ನೆಟ್ಟಿನಲ್ಲಿ ಕೂತು ಇಂಥದ್ದನ್ನ ಹುಡುಕುವ ನಮ್ಮಂಥವರೇ ಹೆಚ್ಚು ಅಂತ ನನ್ನ ಗುಮಾನಿ.

ಸರಿ, ಚೀಲ ನಮ್ಮದೇ ಆದರೆ ಉತ್ತರ ಸರಿ ಬರುತ್ತಾ? ಅಲ್ಲೂ ಒಂದು ತೊಡಕಿದೆ. ಎರಡೇ ವಸ್ತು ತೆಗೆದುಕೊಳ್ಳೋಣ, ಹಾಲು ಮತ್ತು ಮನೆಗೆಲಸ. ಲೆಕ್ಕ ಸುಲಭವಾಗಲಿ ಅಂತ ಒಂದು ಯೂರೋಗೆ 100 ರೂ. ಹಿಡಿಯೋಣ. ಸಾನಪಾಡಾದಲ್ಲಿ ಕೆಲಸದ ಬಾಯಿ ತಿಂಗಳಿಗೆ 30 ಗಂಟೆ ಬರ್ತಾರೆ, 4,500 ರೂ., ಗಂಟೆಗೆ 150 ಆಯ್ತು. ಹಾಲು ತಿಂಗಳಿಗೆ 45 ಲೀಟರ್, ಲೀಟರಿಗೆ 70 ರೂ. ಹಿಡಿದರೆ 3,150. ಒಟ್ಟು 7,650. ಇದೇ ಚೀಲವನ್ನ ಡಬ್ಲಿನ್‌ಗೆ ಒಯ್ಯಿರಿ. ಅಲ್ಲಿ ಒಂದು ಗಂಟೆಯ ಕೆಲಸಕ್ಕೆ ಕಡಿಮೆ ಅಂದರೂ 14 ಯೂರೋ, 1,400 ರೂ. ಹಾಲು ಲೀಟರಿಗೆ 120. ಒಟ್ಟು 47,400. ಅಂದರೆ ಡಬ್ಲಿನ್ 6.2 ಪಟ್ಟು ದುಬಾರಿ.

ಈಗ ತಿರುಗಿಸಿ. ಡಬ್ಲಿನ್‌ನಲ್ಲಿ ಇರುವವರು 30 ಗಂಟೆ ಕೆಲಸದವರನ್ನ ಇಟ್ಟುಕೊಳ್ಳಲ್ಲ. ಪಾತ್ರೆ ತೊಳೆಯೋ ಯಂತ್ರ ಇರುತ್ತೆ, ಉಳಿದದ್ದು ತಾವೇ ಮಾಡ್ತಾರೆ. ತಿಂಗಳಿಗೆ 2 ಗಂಟೆ ಯಾರನ್ನಾದರೂ ಕರೆಸಬಹುದು, ಹಾಲು 30 ಲೀಟರ್. ಅಲ್ಲಿ 6,400 ರೂ. ಆ ಚೀಲವನ್ನ ಸಾನಪಾಡಾಕ್ಕೆ ತಂದರೆ 2,400. ಈಗ ಡಬ್ಲಿನ್ 2.7 ಪಟ್ಟು ಮಾತ್ರ ದುಬಾರಿ!

ಬೆಲೆಗಳು ಅವೇ. ಚೀಲ ಯಾವ ಊರಿಂದ ಹೊರಟಿತು ಅನ್ನೋದರ ಮೇಲೆ ಉತ್ತರ 6.2 ಅಥವಾ 2.7. ಮೊದಲನೆಯ ರೀತಿಗೆ ಲಾಸ್ಪೇರ್, ಎರಡನೆಯದಕ್ಕೆ ಪಾಶೆ ಅಂತ 19ನೇ ಶತಮಾನದ ಜರ್ಮನ್ ಅರ್ಥಶಾಸ್ತ್ರಜ್ಞರ ಹೆಸರಿದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಫಿಶರ್ ಸೂಚ್ಯಂಕ, ಇಲ್ಲಿ ಸುಮಾರು 4. ಗಣಿತಕ್ಕೆ ಇದು ಸಮಾಧಾನ. ಆದರೆ ಆ 4 ಪಟ್ಟಿನ ಚೀಲ ಹಿಡಿದು ಓಡಾಡೋ ಮನುಷ್ಯ ಎರಡೂ ಊರಲ್ಲಿ ಇಲ್ಲ.

ಮನೆಗೆಲಸಕ್ಕೆ ಒಂಬತ್ತು ಪಟ್ಟು, ಹಾಲಿಗೆ ಎರಡು ಪಟ್ಟೂ ಇಲ್ಲ. ಯಾಕೆ ಇಷ್ಟು ವ್ಯತ್ಯಾಸ? ಹಾಲಿನ ಪುಡಿ, ಮೊಬೈಲು, ಪೆಟ್ರೋಲು ಹಡಗು ಹತ್ತಿ ಹೋಗ್ತವೆ, ಬೆಲೆಗಳು ಒಂದನ್ನೊಂದು ಎಳೆಯುತ್ತವೆ. ಕ್ಷೌರ ಹಡಗು ಹತ್ತಲ್ಲ. ಸಾನಪಾಡಾ ಸ್ಟೇಷನ್ ಹತ್ತಿರದ ಕ್ಷೌರಿಕನಿಗಿಂತ ಡಬ್ಲಿನ್ ಕ್ಷೌರಿಕ ವೇಗವಾಗಿ ಕೂದಲು ಕತ್ತರಿಸೋದಿಲ್ಲ. ಆದರೆ ಅವನು ಕತ್ತರಿ ಬಿಟ್ಟರೆ ಔಷಧಿ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಒಳ್ಳೆಯ ಸಂಬಳ ಸಿಗುತ್ತೆ. ಅವನನ್ನ ಕತ್ತರಿಗೆ ಕಟ್ಟಿಹಾಕಬೇಕಾದರೆ ಅಷ್ಟು ಕೊಡಲೇಬೇಕು. 1964ರಲ್ಲಿ ಬಲಾಸ್ಸಾ ಮತ್ತು ಸ್ಯಾಮ್ಯುಯೆಲ್ಸನ್ ಬೇರೆಬೇರೆಯಾಗಿ ಇದನ್ನೇ ಬಿಡಿಸಿ ಹೇಳಿದರು. ವಿಶ್ವಬ್ಯಾಂಕ್ ನಡೆಸುವ ಹೋಲಿಕೆಯಲ್ಲಿ 2021ಕ್ಕೆ ಒಂದು ಡಾಲರಿನ ಕೊಳ್ಳುವ ಶಕ್ತಿ ಭಾರತದಲ್ಲಿ 20 ರೂ. ಆಸುಪಾಸು ಬರೋದು ಇದರಿಂದಲೇ. ಆ ವರ್ಷ ಬ್ಯಾಂಕಿನಲ್ಲಿ ಡಾಲರಿಗೆ 74 ರೂ. ಇತ್ತು. ನಾವು ಕೊಳ್ಳೋದರಲ್ಲಿ ಬಹುಪಾಲು ಇನ್ನೊಬ್ಬರ ದುಡಿಮೆ, ಮತ್ತು ನಮ್ಮಲ್ಲಿ ಅದು ಅಗ್ಗ. ನಮ್ಮ "ಅಗ್ಗದ ಜೀವನ" ಯಾರ ಸಂಬಳದಿಂದ ಅಗ್ಗವಾಗಿದೆ ಅಂತ ಒಮ್ಮೆ ಯೋಚಿಸಿ. ಇದು ಪಕ್ಕದ ಮಾತಾಯ್ತು, ಇರಲಿ.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ತೆಗೆದುಬಿಡ್ತೀನಿ. ನಮ್ಮ ಕಾರ್ಮಿಕ ಬ್ಯೂರೋ 88 ಕೇಂದ್ರಗಳಿಗೆ ಗ್ರಾಹಕ ಬೆಲೆ ಸೂಚ್ಯಂಕ ಪ್ರಕಟಿಸುತ್ತೆ. ತುಟ್ಟಿಭತ್ಯೆ ಅದರ ಮೇಲೆ ನಿಂತಿದೆ. ಅದರಲ್ಲಿ ಮುಂಬಯಿ, ಬೆಂಗಳೂರು ಎರಡರ ಅಂಕ ನೋಡಿ ಯಾವುದು ದುಬಾರಿ ಅಂತ ತೀರ್ಮಾನ ಮಾಡ್ತಾರೆ ಕೆಲವರು. ಆಗಲ್ಲ. ಅಲ್ಲಿ ಪ್ರತಿ ಊರಿಗೂ 2016ರ ತನ್ನದೇ ಬೆಲೆ 100. ಆಮೇಲೆ ಆ ಊರು ತನಗಿಂತ ತಾನು ಎಷ್ಟು ಏರಿತು ಅನ್ನೋದಷ್ಟೇ ಅದರ ಮಾತು. ಇಬ್ಬರು ಮಕ್ಕಳು ತಲಾ ನಾಲ್ಕು ಇಂಚು ಬೆಳೆದರು ಅಂದರೆ ಯಾರು ಎತ್ತರ ಅಂತ ಹೇಗೆ ಗೊತ್ತಾಗುತ್ತೆ?

ಸರ್ಕಾರಕ್ಕೂ ಊರಿನ ಬೆಲೆ ಕಟ್ಟೋದು ಕಷ್ಟವೇ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ ಬೆಂಗಳೂರು ಮೇಲಿನ ಎಕ್ಸ್ ದರ್ಜೆಯ ನಗರ, ಮುಂಬಯಿಗೆ ಸಮ. ಆದರೆ 1962ರ ಆದಾಯ ತೆರಿಗೆ ನಿಯಮಗಳಲ್ಲಿ ಬಾಡಿಗೆ ವಿನಾಯಿತಿಗೆ ಸಂಬಳದ ಶೇ. 50ರ ಮಿತಿ ಇದ್ದದ್ದು ಮುಂಬಯಿ, ದೆಹಲಿ, ಕೋಲ್ಕತಾ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ಗದಗದಷ್ಟೇ, ಶೇ. 40. ಇನ್ನು ಎಕ್ಸ್ ದರ್ಜೆಯಲ್ಲಿ "ಬೃಹನ್ಮುಂಬಯಿ" ಅಂದರೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ ಎಲ್ಲ ಸೇರಿತು. ನರಿಮನ್ ಪಾಯಿಂಟಿಗೂ ಡೊಂಬಿವಲಿಗೂ ಒಂದೇ ದರ.

ಡೊಂಬಿವಲಿ ಅಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಊರು ಊರಿನ ನಡುವೆ ಇರೋ ವ್ಯತ್ಯಾಸ ಒಂದೇ ಊರಿನ ಒಳಗೂ ಇದೆ. ಲಿಫ್ಟಿಲ್ಲದ ಹಳೇ ಕಟ್ಟಡದಲ್ಲಿ ಎರಡು ಬೆಡ್‌ರೂಮಿನ ನಮ್ಮ ಮನೆಗೆ 40,000 ಬಾಡಿಗೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಡೊಂಬಿವಲಿಯಲ್ಲಿ ಇಷ್ಟೇ ದೊಡ್ಡ ಮನೆಗೆ 20,000 ಕೊಡ್ತಾರೆ. ನಾನು ಸಾನಪಾಡಾದಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು ಕೋಪರಖೈರಣೆಯಲ್ಲಿ ಇಳಿದು ಆಟೋ ಹತ್ತಿದರೆ ಅರ್ಧ ಗಂಟೆಯ ದಾರಿ. ಅವರು ಡೊಂಬಿವಲಿಯಿಂದ ಠಾಣೆ, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಗಾಡಿ, ಒಂದೂವರೆ ಗಂಟೆ. ದಿನಕ್ಕೆ 2 ಗಂಟೆ ಜಾಸ್ತಿ, ತಿಂಗಳಿಗೆ 40 ಗಂಟೆ. ಅಂದರೆ ಅವರು ತಮ್ಮ ಒಂದೊಂದು ಗಂಟೆಯನ್ನ 500 ರೂಪಾಯಿಗೆ ಮಾರ್ತಿದ್ದಾರೆ, ಬೆಳಗಿನ ಡೊಂಬಿವಲಿ ನೂಕುನುಗ್ಗಲಿನಲ್ಲಿ ನಿಂತುಕೊಂಡು. ಅವರ ಮನೆಯಲ್ಲಿ ತಂಗಿಯ ಮದುವೆ ಇದೆ, ಅವರಿಗೆ ಆ ಬೆಲೆ ಸರಿ. ನನಗೆ ಸರಿಯಲ್ಲ. ಇಬ್ಬರೂ ಸೂಚ್ಯಂಕದಲ್ಲಿ "ಮುಂಬಯಿ".

ಬೆಂಗಳೂರಿಗೆ ಬಂದರೆ ಬಾಡಿಗೆ ಅನ್ನೋ ಪದದ ಅರ್ಥವೇ ಬದಲಾಗುತ್ತೆ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮಾಲೀಕರು ಇನ್ನೂ ಇದ್ದಾರೆ, ಇಲ್ಲಿ ಎರಡು ಮೂರು ತಿಂಗಳದ್ದು. ಇಲ್ಲಿ ಅದರ ಬದಲು ಹನ್ನೊಂದು ತಿಂಗಳ ಕರಾರು ಮತ್ತು ದಲ್ಲಾಳಿ. ಆಮೇಲೆ ಭೋಗ್ಯ. ಹತ್ತು ಲಕ್ಷ ಕೊಟ್ಟು ತಿಂಗಳ ಬಾಡಿಗೆಯೇ ಇಲ್ಲದೆ ಮೂರು ವರ್ಷ ಇದ್ದು, ಹೋಗುವಾಗ ಹಣ ವಾಪಸ್. ನಮ್ಮಲ್ಲಿ "ಹೆವಿ ಡಿಪಾಸಿಟ್" ಅನ್ನೋದು ಇದೇ. ದಕ್ಷಿಣ ಕೊರಿಯಾದಲ್ಲಿ ಚೋನ್ಸೆ ಅಂತ ದೇಶವಿಡೀ ನಡೆಯುತ್ತೆ. ಸೂಚ್ಯಂಕದವರು ಭೋಗ್ಯದ ಮನೆಗೆ ಬಾಡಿಗೆ ಎಷ್ಟು ಅಂತ ಬರೀಬೇಕು? ಸೊನ್ನೆನಾ? ಹತ್ತು ಲಕ್ಷ ಬ್ಯಾಂಕಿನಲ್ಲಿ ಶೇ. 7ಕ್ಕೆ ಇಟ್ಟಿದ್ದರೆ ವರ್ಷಕ್ಕೆ 70,000 ಬರ್ತಿತ್ತು. ಹಾಗಾಗಿ ಅದರ ನಿಜವಾದ ಬಾಡಿಗೆ ತಿಂಗಳಿಗೆ 5,800 ಚಿಲ್ಲರೆ, ಜೊತೆಗೆ ಮಾಲೀಕ ಹಣ ವಾಪಸ್ ಕೊಡದೇ ಹೋಗುವ ಅಪಾಯ. ಕೊರಿಯಾದಲ್ಲಿ ಈ ಅಪಾಯ ಸಾವಿರಾರು ಮನೆಗಳಿಗೆ ತಟ್ಟಿತು.

ನೀರಿನದ್ದೂ ಹೀಗೇ. ನವಿ ಮುಂಬಯಿ ಪಾಲಿಕೆಗೆ ಮೋರ್ಬೆಯಲ್ಲಿ ತನ್ನದೇ ಅಣೆಕಟ್ಟು ಇದೆ. ಬೆಂಗಳೂರಿಗೆ ಕಾವೇರಿ ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಏರಿ ಬರಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಟ್ಟವರನ್ನ ಕೇಳಿ, ನೀರು ಚೀಲದಲ್ಲಿ ಎಷ್ಟು ಜಾಗ ಹಿಡಿಯುತ್ತೆ ಅಂತ. ಇನ್ನು ನಮ್ಮ ಜೋಳ. ಇಲ್ಲಿ ಮರಾಠಿಯವರ ಭಾಕರಿಯ ದಯೆಯಿಂದ ವಾಶಿಯ ಎಪಿಎಂಸಿ ಪಕ್ಕದಲ್ಲೇ ಬಿಳಿಜೋಳ ಸಲೀಸಾಗಿ ಸಿಗುತ್ತೆ. ಡಬ್ಲಿನ್‌ನಲ್ಲಿ ಅದು ಆಮದು ತಿನಿಸು. ಅಲ್ಲಿ ದಿನಾ ರೊಟ್ಟಿ ಬೇಕು ಅಂತ ಹಠ ಹಿಡಿದರೆ ಲುವಾಂಡಾದಲ್ಲಿ ಚೀಸು ಹುಡುಕಿದ ಅಮೆರಿಕನ್ ನಾನೇ ಆಗ್ತೀನಿ.

ಈಗ ಕ್ಯಾಲ್ಕುಲೇಟರಿಗೆ ಬರೋಣ. ಮುಂಬಯಿಗಿಂತ ಡಬ್ಲಿನ್ ಸುಮಾರು 3 ಪಟ್ಟು ದುಬಾರಿ ಅಂತ ಅದು ಹೇಳಿತು. ನಮ್ಮಿಬ್ಬರದ್ದೂ ಸೇರಿ ಕೈಗೆ ಬರೋದು 1,85,000 ರೂ. ಅದರಲ್ಲಿ ನನ್ನದು 1,40,000, ಅವಳದು 45,000. ಮೂರು ಪಟ್ಟು ಅಂದರೆ 5,55,000 ರೂ., 5,550 ಯೂರೋ. ಈ 75,000ದ ಸಂಬಳದಲ್ಲಿ ತೆರಿಗೆ ಕಳೆದು ತಿಂಗಳಿಗೆ ಕೈಗೆ ಬರೋದು 4,700ರ ಆಸುಪಾಸು. ತೀರ್ಪು: ತಿಂಗಳಿಗೆ 850 ಯೂರೋ ನಷ್ಟ, ಹೋಗಬೇಡ.

ಇಲ್ಲೇ ಇರೋದು ನೋಡಿ ಮುಖ್ಯ ದೋಷ. ಅದು ಇಡೀ ಸಂಬಳವನ್ನ ಮೂರರಿಂದ ಗುಣಿಸಿತು. ಆದರೆ ಇಡೀ ಸಂಬಳವನ್ನ ನಾವು ಸಾನಪಾಡಾದಲ್ಲಿ ಖರ್ಚು ಮಾಡ್ತೀವಾ? ನಮ್ಮ ತಿಂಗಳ ಲೆಕ್ಕ ಹೀಗಿದೆ. ಬಾಡಿಗೆ 40,000. ಕಿರಾಣಿ, ಹಾಲು, ಭಾಜಿ 22,000. ಶಾಲೆ 14,000. ಲೈಟು, ಗ್ಯಾಸು, ಫೋನು 6,000. ಓಡಾಟ 5,000, ಬಾಯಿಗೆ 4,500, ಇತರೆ 16,500. ಒಟ್ಟು 1,08,000. ಗದಗಕ್ಕೆ 25,000 ಕಳಿಸ್ತೀನಿ. ಉಳಿಯೋದು 52,000. ನಾನು ಡಬ್ಲಿನ್‌ಗೆ ಹೋದ ಮಾತ್ರಕ್ಕೆ ಅಪ್ಪನ ಬಿಪಿ ಮಾತ್ರೆಗೆ ಗದಗದ ಅಂಗಡಿಯವನು ಮೂರು ಪಟ್ಟು ಕೇಳಲ್ಲ. ಆ 25,000 ಅಲ್ಲಿಂದಲೂ 250 ಯೂರೋ ಅಷ್ಟೇ.

ಹಾಗಾದರೆ ಡಬ್ಲಿನ್ ಖರ್ಚನ್ನ ಒಂದೊಂದಾಗಿ ಬರೆದೆ. ಬಾಡಿಗೆ 2,100, ಊಟ ತಿಂಡಿ 600, ವಿದ್ಯುತ್ತು, ಬಿಸಿನೀರು, ಫೋನು 250, ಓಡಾಟ 150, ಇತರೆ 600. ಸರ್ಕಾರಿ ನೆರವಿನ ಪ್ರಾಥಮಿಕ ಶಾಲೆಗೆ ಫೀಸಿಲ್ಲ, ಬಟ್ಟೆ ಇತ್ಯಾದಿ ಅಂತ 50. ವರ್ಷಕ್ಕೊಮ್ಮೆ ಮೂವರೂ ಊರಿಗೆ ಬರುವ ವಿಮಾನದ ಟಿಕೆಟ್ಟನ್ನ ಹನ್ನೆರಡಕ್ಕೆ ಹಂಚಿದರೆ 200. ಒಟ್ಟು 3,950. ಗದಗಕ್ಕೆ 250. ಉಳಿಯೋದು 500 ಯೂರೋ, 50,000 ರೂ.

ತಮಾಷೆ ಗಮನಿಸಿದಿರಾ? ನನ್ನ ಚೀಲಕ್ಕೆ ಡಬ್ಲಿನ್ ಮೂರು ಪಟ್ಟಲ್ಲ, 3.7 ಪಟ್ಟು. ಯಂತ್ರ ಹೇಳಿದ್ದಕ್ಕಿಂತ ದುಬಾರಿ. ಆದರೂ ತಿಂಗಳ ಕೊನೆಗೆ ಉಳಿಯೋದು ಹತ್ತಿರ ಹತ್ತಿರ ಇಲ್ಲಿನಷ್ಟೇ, ಯಾಕೆಂದರೆ ಗುಣಿಸಬೇಕಾದದ್ದು 1,08,000 ಮಾತ್ರ. ಮೂವರು ಸೇರಿ ಮನೆ ಹಂಚಿಕೊಂಡು 900 ಯೂರೋ ಬಾಡಿಗೆ ಕೊಡುವ ಬ್ರಹ್ಮಚಾರಿ ಹುಡುಗನಿಗೆ ಇದೇ ಆಫರ್ ಲಾಟರಿ. ಆ 500 ಯೂರೋ ಎಲ್ಲಿ ಕರಗುತ್ತೆ ಅನ್ನೋದೂ ಕೇಳಬೇಕು. ಐದು ವರ್ಷಕ್ಕೆ 30,000 ಯೂರೋ, 30 ಲಕ್ಷ. ಗದಗದಲ್ಲಿ ಸೈಟು ಕೊಂಡು ಮನೆ ಎಬ್ಬಿಸೋಕೆ ಅದು ಗಟ್ಟಿ ಮೊತ್ತ. ಸಾನಪಾಡಾದಲ್ಲಿ ಫ್ಲಾಟಿನ ಒಂದು ಕೋಣೆ. ಡಬ್ಲಿನ್‌ನಲ್ಲೇ ಮನೆ ಮಾಡ್ತೀನಿ ಅಂದರೆ ಮುಂಗಡಕ್ಕೂ ಕಷ್ಟ. ಹಾಗಾಗಿ ನನ್ನ ಹಾಳೆಯಲ್ಲಿ ಪ್ರತಿ ಸಾಲಿನ ಮುಂದೆ "ಎಲ್ಲಿ ಖರ್ಚಾಗುತ್ತೆ" ಅನ್ನೋ ಕಾಲಂ ಇದೆ. ಕ್ಯಾಲ್ಕುಲೇಟರಿನಲ್ಲಿ ಆ ಕಾಲಂ ಇಲ್ಲ.

ಬೆಂಗಳೂರಿನ ಹಾಳೆ ಇಷ್ಟು ಏರುಪೇರಿಲ್ಲ. ಆಫೀಸಿನ ಹತ್ತಿರ ಮನೆ ಮಾಡಿದರೆ ಬಾಡಿಗೆ ಇಲ್ಲಿನಷ್ಟೇ, ವಿದ್ಯಾರಣ್ಯಪುರದ ಕಡೆ ಹೋದರೆ 12,000 ಉಳಿಯುತ್ತೆ, ಆದರೆ ಡೊಂಬಿವಲಿಯವರ ಹಾಗೆ ಗಂಟೆ ಮಾರಬೇಕು. ಇಲ್ಲಿ ಲೋಕಲ್ ಪಾಸಿಗೆ ಕೆಲವು ನೂರು ರೂಪಾಯಿ, ಅಲ್ಲಿ ಗಾಡಿ ಬೇಕೇ ಬೇಕು. ಅಲ್ಲಿಂದ ಗದಗ ಒಂದು ರಾತ್ರಿಯ ಹಾದಿ. ಇಲ್ಲಿಂದಾದರೆ ಠಾಣೆಗೋ ಕಲ್ಯಾಣಕ್ಕೋ ಹೋಗಿ ಸೊಲ್ಲಾಪುರ, ವಿಜಯಪುರ ಸುತ್ತಿ ಹೋಗುವ ಗಾಡಿ ಹಿಡೀಬೇಕು. ರೂಪಾಯಿಯಲ್ಲಿ ಬರೆದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಮೊತ್ತ. ಅವ್ವನಿಗೆ ಮಾತ್ರ ಒಂದೇ ಅಲ್ಲ.

ಡಬ್ಲಿನ್ ಹಾಳೆಯಲ್ಲಿ ಒಂದು ಸಾಲು ಇನ್ನೂ ಖಾಲಿ ಇದೆ, ಅದೇ ಎಲ್ಲಕ್ಕಿಂತ ದೊಡ್ಡದು. ಮೇಲಿನ ಲೆಕ್ಕದಲ್ಲಿ ಅವಳ 45,000 ಹೋಗೇ ಹೋಯ್ತು ಅಂತ ಹಿಡಿದಿದ್ದೇನೆ. ನನ್ನ ವೀಸಾದ ಮೇಲೆ ಅವಳು ಅಲ್ಲಿ ಕೆಲಸ ಮಾಡಬಹುದು. ಆದರೆ ಐರ್ಲೆಂಡಿನ ಶಾಲೆಯಲ್ಲಿ ಪಾಠ ಮಾಡೋಕೆ ಅಲ್ಲಿನ ಶಿಕ್ಷಕರ ಮಂಡಳಿಯಲ್ಲಿ ನೋಂದಣಿ ಆಗಬೇಕು, ಪ್ರಾಥಮಿಕ ಶಾಲೆಗಾದರೆ ಐರಿಶ್ ಭಾಷೆಯೂ ಬೇಕು. ಹನ್ನೊಂದು ವರ್ಷದ ಅನುಭವ ಇರುವವಳು ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು. ಅವಳಿಗೆ ಕೆಲಸ ಸಿಕ್ಕರೆ ಉಳಿತಾಯ ಮೂರು ಪಟ್ಟಾಗುತ್ತೆ, ಸಿಗದಿದ್ದರೆ ಈ ಮನೆಯಲ್ಲಿ ಒಬ್ಬರ ಸಂಬಳಕ್ಕಾಗಿ ಇನ್ನೊಬ್ಬರ ಕೆಲಸ ಹೋಯಿತು ಅಂತ ಅರ್ಥ. ಅದಕ್ಕೆ ಯಾವ ಅಂಕಿ ಬರೆಯೋದು ಅಂತ ನಾನೊಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ. ಆಫರ್ ಕೊಟ್ಟವರಲ್ಲಿ ಎರಡು ವಾರ ಸಮಯ ಕೇಳಿದ್ದೇನೆ. ಅವಳು ತನ್ನ ಬಿಎಡ್ ಅಂಕಪಟ್ಟಿಗಳನ್ನ ಧಾರವಾಡದಿಂದ ತರಿಸ್ತಿದ್ದಾಳೆ. ಹಾಳೆ ಈಗ ಅವಳ ಹತ್ತಿರ ಇದೆ.